ಉಕ್ಕಿನ ಬಾಗಿಲ ನೆರೆಯವರು

ಬಿಷ್ಕೆಕ್
ಫೆಬ್ರವರಿ ೨೬, ಭಾನುವಾರ

ಪ್ರೀತಿಯ ಅಣ್ಣಾ,

ಹೇಗಿದ್ದೀಯ? ಬೆನ್ನುನೋವು ಕಡಿಮೆಯಾಯಿತೆ? ಇಸ್ತಾಂಬುಲ್ಲಿನ ಆ ನೆಲಮಾಳಿಗೆಯಲ್ಲಿ ದಿನವಿಡೀ ಹೊಲಿಗೆಯಂತ್ರದ ಮುಂದೆ ಬಗ್ಗಿ ಕೂರುವವನು ಸಂಜೆ ಗೋಡೆಗೆ ಬೆನ್ನು ಕೊಟ್ಟು ಸ್ವಲ್ಪ ಹೊತ್ತು ನೆಟ್ಟಗೆ ನಿಲ್ಲಬೇಕಂತೆ, ಅಜ್ಜಿಯ ಅಪ್ಪಣೆ. ಕೆಮ್ಮಿದ್ದರೆ ಬಿಸಿ ಹಾಲಿಗೆ ಕುರಿಬಾಲದ ಕೊಬ್ಬು ಹಾಕಿ ಕುಡಿಯಬೇಕಂತೆ. ಅದು ಅಲ್ಲಿ ಸಿಗುವುದಿಲ್ಲ ಎಂದರೆ, “ಕುರಿ ಇಲ್ದಿರೋ ಊರಲ್ಲಿ ಅವನು ಯಾಕಿರಬೇಕು?” ಎಂದು ನನ್ನನ್ನೇ ಬೈಯುತ್ತಾಳೆ. ಅವಳ ಮಂಡಿ ಮೊದಲಿನ ಹಾಗೇ ಇದೆ, ನಾಲಿಗೆ ಮೊದಲಿಗಿಂತ ಚುರುಕಾಗಿದೆ. ನಾನು ಚೆನ್ನಾಗಿದ್ದೇನೆ. ಈ ಸಾಲನ್ನು ನಂಬು, ಇವತ್ತಿನ ಮಟ್ಟಿಗೆ ಅದು ನಿಜ.

ಫೋನಿರುವಾಗ ಕಾಗದದಲ್ಲಿ ಬರೆಯುತ್ತಿದ್ದಾಳಲ್ಲ ಎಂದು ನಗಬೇಡ. ನಾಳೆ ಬಟ್ಟೆ ವ್ಯಾಪಾರದ ಅಕ್ಕ, ಗುಲ್ಸೂನ್ ಎಜೆ, ಸರಕು ತರಲು ನಿಮ್ಮೂರಿಗೆ ಹೊರಡುತ್ತಾರೆ. ಮಾದರಿ ತುಂಡುಗಳ ಗಂಟಿನಲ್ಲಿ ಇದನ್ನು ಇಟ್ಟುಕೊಳ್ಳಲು ಒಪ್ಪಿದ್ದಾರೆ. “ಏನಮ್ಮ, ಪ್ರೇಮಪತ್ರಾನಾ?” ಎಂದು ಕೇಳಿದರು. ಅಣ್ಣನಿಗೆ ಎಂದೆ. “ಅಣ್ಣಂಗೆ ಯಾರಾದ್ರೂ ಇಷ್ಟುದ್ದ ಬರೀತಾರಾ? ಬೈಗುಳ ಇರ್ಬೇಕು,” ಎಂದರು. ಬೈಗುಳವಲ್ಲ. ನಿಧಾನವಾಗಿ, ಕೂತು ಓದು.

ಈ ಚಳಿಗಾಲ ಕರೆಂಟಿನ ಗತಿ ನಿನಗೆ ಗೊತ್ತೇ ಇದೆ. ಅಣೆಕಟ್ಟಿನಲ್ಲಿ ನೀರಿಲ್ಲ ಅನ್ನುತ್ತಾರೆ, ಆದರೆ ಗುಡ್ಡದ ಮೇಲಿನ ಬಂಗಲೆಗಳ ಒಂದು ದೀಪವೂ ಆರಿದ್ದನ್ನು ನಾನು ಕಂಡಿಲ್ಲ. ಕತ್ತಲೆಯನ್ನೂ ಈ ದೇಶದಲ್ಲಿ ಜನರ ಯೋಗ್ಯತೆ ನೋಡಿಯೇ ಹಂಚುತ್ತಾರೆ. ಬೇರೆಯವರ ಜಾಲತಾಣಗಳಿಗೆ ಯಂತ್ರ ಬಾಡಿಗೆ ಕೊಡುವ ನಮ್ಮ ಹೋಸ್ಟಿಂಗ್ ಕಂಪನಿ ಇದ್ದದ್ದು ಹಳೆಯ ಟೋಪಿ ಕಾರ್ಖಾನೆಯ ಕೆಳಗಿನ ಕೋಣೆಯಲ್ಲಿ. ಕರೆಂಟು ಹೋದಾಗಲೆಲ್ಲ ಮಾಲೀಕ ತಾಲಾಯ್ ಬೈಕೆ ಡೀಸೆಲ್ ಡಬ್ಬಿ ಹಿಡಿದು ಜನರೇಟರಿನ ಹತ್ತಿರ ಓಡುತ್ತಿದ್ದರು, ನಾನು ಗಿರಾಕಿಗಳಿಗೆ ಕ್ಷಮಾಪಣೆ ಬರೆಯುತ್ತಿದ್ದೆ. ಅವರು ಕೆಟ್ಟ ಮಾಲೀಕರಲ್ಲ, ಅಥವಾ ಅಲ್ಲವೆಂದು ನಾನು ನಂಬಿದ್ದೆ. ಬೆಳಿಗ್ಗೆ ಒಳಗೆ ಕಾಲಿಟ್ಟ ತಕ್ಷಣ “ಏ ಕರಪತ್ರ, ಇವತ್ತು ಕ್ರಾಂತಿ ಎಷ್ಟು ಗಂಟೆಗೆ? ಅದಕ್ಕಿಂತ ಮುಂಚೆ ಟೀ ಸಿಗುತ್ತಾ?” ಎನ್ನುತ್ತಿದ್ದರು. ನನ್ನ ಚೀಲದಲ್ಲಿ ಸದಾ ಇರುವ ಆ ತೆಳು ಪುಸ್ತಿಕೆಗಳಿಂದ ಬಂದ ಹೆಸರು ಅದು. ನಾನೂ ನಗುತ್ತಿದ್ದೆ.

ಜನವರಿಯಲ್ಲಿ ಒಂದು ದಿನ ಬೈಕೆ ಹೊಸ ಮೇಲಂಗಿ ತೊಟ್ಟು ಬಂದು, ಯಾರೋ ಹಿತೈಷಿ ಊರಾಚೆಗಿನ ಕಟ್ಟಡದಲ್ಲಿ ಒಂದು ಕೋಣೆ ಕೊಟ್ಟಿದ್ದಾರೆ, ಅಲ್ಲಿ ಕರೆಂಟು ಹೋಗುವುದೇ ಇಲ್ಲ, ಎಲ್ಲವನ್ನೂ ಅಲ್ಲಿಗೆ ಸಾಗಿಸೋಣ ಎಂದರು. ಯಾರು ಆ ಹಿತೈಷಿ ಎಂದು ಕೇಳಿದೆ. “ಹಿತೈಷಿ ಅಂದ್ರೆ ಹಿತೈಷಿ. ನಿನ್ನ ಪುಸ್ತಕದಲ್ಲಿ ಆ ಪದ ಇಲ್ವಾ?” ಎಂದರು. ಅವರ ಷರತ್ತು ಒಂದೇ. ನಮ್ಮಲ್ಲಿ ಬಾಡಿಗೆಗಿರುವ ಯಾವ ಯಂತ್ರವನ್ನೂ ಆರಿಸಕೂಡದು, ಎಲ್ಲವೂ ಓಡುತ್ತಿರುವಾಗಲೇ ಸಾಗಬೇಕು. “ಕಣ್ಣು ಮಿಟುಕಿಸಬಾರದು ಸಾಯ್ಕಾಲ್, ಗೊತ್ತಾಯ್ತಾ? ಒಂದೇ ಒಂದೂ ಮಿಟುಕಿಸಬಾರದು.” ಗಿರಾಕಿಗಳ ಮೇಲಿನ ಕಾಳಜಿ ಅಂದುಕೊಂಡೆ.

ಈ ಕೆಲಸವನ್ನು ಅಜ್ಜಿಗೆ ವಿವರಿಸಿದ್ದು ಹೇಗೆ ಗೊತ್ತೆ? ಒಂದು ದೊಡ್ಡ ಕಬ್ಬಿಣದ ಯಂತ್ರದೊಳಗೆ ಹತ್ತಾರು ಸಣ್ಣ ಯಂತ್ರಗಳು, ಒಂದೇ ಹುಲ್ಲುಗಾವಲಿನ ಮೇಲೆ ಎದ್ದ ಗುಡಾರಗಳ ಹಾಗೆ. ಅವಕ್ಕೆ ಮೈ ಇಲ್ಲ, ಬರೀ ಲೆಕ್ಕಾಚಾರ, ಆದರೂ ಒಂದೊಂದೂ ತನ್ನನ್ನು ತಾನೇ ಪೂರ್ತಿ ಯಂತ್ರ ಅಂದುಕೊಂಡಿರುತ್ತದೆ. ಸಾಮಾನ್ಯವಾಗಿ ಗುಡಾರ ಬಿಚ್ಚಿ, ಮಡಚಿ, ಬೇರೆಡೆ ಒಯ್ದು ಮತ್ತೆ ಎಬ್ಬಿಸುತ್ತೇವೆ. ಈ ಸಲ ಹಾಗಲ್ಲ. ಒಲೆ ಉರಿಯುತ್ತಿರುವಾಗಲೇ, ಮೇಲಿಟ್ಟ ಚಹಾ ಚೆಲ್ಲದ ಹಾಗೆ, ಒಳಗೆ ಮಲಗಿದ ಮಗು ಮಗ್ಗುಲು ಬದಲಿಸದ ಹಾಗೆ ಗುಡಾರವನ್ನು ಎತ್ತಿಕೊಂಡು ಹೋಗಬೇಕು. ಅಜ್ಜಿ ಕೇಳಿ, “ಹಂಗಾದ್ರೆ ಒಳಗಿರೋರಿಗೆ ತಾವು ಎಲ್ಲಿ ಬಂದಿದೀವಿ ಅಂತಾನೇ ಗೊತ್ತಾಗಲ್ವಲ್ಲೇ?” ಎಂದಳು. ಅದೇ ಅದರ ಸೊಗಸು ಎಂದು ಹೆಮ್ಮೆಯಿಂದ ಉತ್ತರ ಕೊಟ್ಟೆ.

ಒಂದೊಂದಾಗಿ ಸಾಗಿಸಿದೆ. ದಂತವೈದ್ಯರದ್ದು, ಬೂಟು ಮಾರುವವರದ್ದು, ಮದುವೆ ಛತ್ರದ್ದು. ಬೈಕೆ ಎಂದಿನಂತೆ ಹೊರಗೆ ಸಿಗರೇಟು ಸೇದುತ್ತ ನಿಂತಿದ್ದರು. ನಿನ್ನ “ಬುಲಾಕ್” ಇರುವ ಯಂತ್ರದ ಸರದಿ ಬಂದಾಗ ಮಾತ್ರ ಒಳಗೆ ಬಂದು ನನ್ನ ಕುರ್ಚಿಯ ಹಿಂದೆ ನಿಂತರು. ಸಿಗರೇಟು ಅರ್ಧಕ್ಕೇ ಆರಿಸಿದ್ದರು. ಅದು ಆಚೆ ತಲುಪಿದ ಮೇಲೆ ಉಸಿರುಬಿಟ್ಟು ಮತ್ತೆ ಹೊರಗೆ ಹೋದರು. ಬುಲಾಕ್ ನಿನ್ನದು ಎಂದು ನಾನು ಯಾರಿಗೂ ಹೇಳಿಲ್ಲ, ಅಣ್ಣ. ಬಾಡಿಗೆಯ ಹೆಸರೂ ನಿನ್ನದಲ್ಲ. ಗಣಿಯ ಕೆಳಗಿನ ಹಳ್ಳಿಗಳ ನೀರು ಯಾಕೆ ಹಸಿರಾಯಿತು ಎಂದು ಬರೆಯುವ ಆ ಜಾಲತಾಣ ಯಾರದ್ದೆಂದು ಊರೆಲ್ಲ ಊಹಿಸಿದೆ, ಹೊಲಿಗೆ ಕೆಲಸಕ್ಕೆ ದೇಶ ಬಿಟ್ಟವನನ್ನು ಯಾರೂ ಊಹಿಸಿರಲಿಲ್ಲ.

ಹೊಸ ಜಾಗ ಬಿಳಿ ಕಟ್ಟಡ, ಉದ್ದನೆಯ ಕಾರಿಡಾರ್. ಈ ತುದಿಯಲ್ಲಿ ನಮ್ಮ ಕೋಣೆ, ಅದಕ್ಕೆ ಅಂಟಿಕೊಂಡೇ ಹೆಸರಿನ ಹಲಗೆಯಿಲ್ಲದ ಒಂದು ಉಕ್ಕಿನ ಬಾಗಿಲು. ಕರೆಂಟು ನಿಜವಾಗಿಯೂ ಹೋಗುವುದಿಲ್ಲ. ದೀಪಗಳ ಕೆಳಗೆ ಯಾರೂ ಮಾತಾಡುವುದಿಲ್ಲ. ಅಜ್ಜಿ ದಿನಾ ಒಂದೇ ಪ್ರಶ್ನೆ ಕೇಳತೊಡಗಿದಳು: “ಓರುಲುಕ್ ತಂದ್ರಾ?” ಬೇರೆಡೆಯಿಂದ ಬಂದು ಗುಡಾರ ಹಾಕಿದವರಿಗೆ ಮೊದಲೇ ನೆಲೆಸಿದವರು ಆ ಸ್ವಾಗತದ ಊಟ ಕೊಡದೆ ಇರುವುದು ಅವಳ ಲೆಕ್ಕದಲ್ಲಿ ಕೊಲೆಗಿಂತ ಒಂದೇ ಮೆಟ್ಟಿಲು ಕೆಳಗೆ. ಯಾರೂ ತಂದಿಲ್ಲ, ಯಾರ ಮುಖವನ್ನೂ ನೋಡಿಲ್ಲ ಎಂದೆ. “ಮುಖಾನೇ ತೋರಿಸ್ದಿರೋ ನೆರೆಯವರು ಎಂಥೋರೇ? ಅವರಿಗೆ ಗೊತ್ತಿಲ್ದಿದ್ರೆ ನಾವು ಕಲಿಸ್ಬೇಕು,” ಎಂದು ಕತ್ತಾಮಾ ರೊಟ್ಟಿ ಬೇಯಿಸಿ, ಬೋರ್ಸೋಕ್ ಕರಿದು, ನೀಲಿ ಹೂವಿನ ದೊಡ್ಡ ತಟ್ಟೆಯಲ್ಲಿ ತುಂಬಿ, ಬಟ್ಟೆ ಕಟ್ಟಿ, ನನ್ನ ಕೈಗೆ ಕೊಟ್ಟು ಕಳಿಸಿದಳು. ಅಮ್ಮನ ತಟ್ಟೆ, ನಿನಗೆ ನೆನಪಿದೆ.

ಉಕ್ಕಿನ ಬಾಗಿಲು ತಟ್ಟಿದೆ. ಬಾಗಿಲು ತೆರೆದವನು ನಿನ್ನ ವಯಸ್ಸಿನವನು. ಕೆಂಪು ಸ್ವೆಟರ್, ಒಳ್ಳೆಯ ನಗು. ಓರುಲುಕ್ ಎಂದೆ. ಅವನು ಎರಡೂ ಕೈ ಚಾಚಿ ತಟ್ಟೆ ತಗೊಂಡ, ಹಿರಿಯರು ಕಲಿಸಿದ ಹಾಗೆಯೇ. “ಛೇ, ನಾವು ಕೊಡ್ಬೇಕಾಗಿತ್ತು, ನಮ್ದೇ ತಪ್ಪು. ತುಂಬಾ ಉಪಕಾರ ಆಯ್ತು, ಸಾಯ್ಕಾಲ್. ಮಂಡಿ ನೋವಲ್ಲೂ ಅಜ್ಜಿ ಒಲೆ ಮುಂದೆ ನಿಂತ್ರಲ್ಲ,” ಎಂದ. ನಾನು ಹೆಸರು ಹೇಳಿರಲಿಲ್ಲ. ಅಜ್ಜಿಯ ಸುದ್ದಿಯನ್ನೂ ಎತ್ತಿರಲಿಲ್ಲ. ಅವನ ಹೆಗಲ ಪಕ್ಕದಲ್ಲಿ ಗೋಡೆ ಕಾಣುತ್ತಿತ್ತು, ಗೋಡೆಯಲ್ಲಿ ಹೊಸದಾಗಿ ಕೊರೆದ ತೂತು, ತೂತಿನಿಂದ ಬಂದ ಹಳದಿ ಕೇಬಲ್ಲು. ನಮ್ಮ ಕೋಣೆಗೆ ಮರಳಿ ಯಂತ್ರಗಳ ಹಿಂಬದಿಗೆ ತೂರಿ ನೋಡಿದೆ. ಅದರ ಇನ್ನೊಂದು ತುದಿ ಅಲ್ಲಿತ್ತು. ಆ ಕೋಣೆಯ ಎಲ್ಲ ಕೇಬಲ್ಲುಗಳನ್ನೂ ನಾನೇ ಕಟ್ಟಿದ್ದು. ಅದನ್ನು ಮಾತ್ರ ನಾನು ಕಟ್ಟಿರಲಿಲ್ಲ.

ಬೈಕೆಯನ್ನು ಕೇಳಿದೆ. ಅವರು ಬಹಳ ಹೊತ್ತು ಟೀಯಲ್ಲಿ ಸಕ್ಕರೆ ಕದಡಿದರು. “ನಂಗೂ ಮನೆ ಮಕ್ಕಳು ಇದಾರೆ ಕಣಮ್ಮ,” ಎಂದರು. ಆಮೇಲೆ ನನ್ನ ಮುಖ ನೋಡದೆ, “ಸೋಮವಾರ ಮಧ್ಯಾಹ್ನ ತಜ್ಞರು ಬರ್ತಾರೆ. ಒಂದು ಯಂತ್ರಾನ ಓಡ್ತಾ ಇರೋವಾಗ್ಲೇ ನಕಲು ಮಾಡ್ಕೋತಾರೆ. ನೀನು ರಜ ಹಾಕು. ಏನೂ ಮುಟ್ಬೇಡ, ಏನೂ ನೋಡ್ಬೇಡ,” ಎಂದರು. ಅವತ್ತು ನನ್ನನ್ನು ಕರಪತ್ರ ಎಂದು ಕರೆಯಲಿಲ್ಲ.

ಆಗ ಎಲ್ಲವೂ ಅರ್ಥವಾಯಿತು. ನೀನೇ ಕಲಿಸಿದ ಪಾಠ ಅದು. ಬುಲಾಕ್‌ಗೆ ಪಾಸ್‌ವರ್ಡಿನ ಬೀಗವಿದೆ, ಆ ಬೀಗದ ಮಾತು ನಿನ್ನ ತಲೆಯಲ್ಲಿ ಮಾತ್ರ ಇದೆ. ಯಂತ್ರ ಎದ್ದಾಗ ನೀನು ಇಸ್ತಾಂಬುಲ್ಲಿನಿಂದ ಆ ಮಾತನ್ನು ಒತ್ತುತ್ತೀಯ, ಅಲ್ಲಿಂದ ಆರುವ ತನಕ ಅದು ಒಳಗಿನಿಂದ ತೆರೆದೇ ಇರುತ್ತದೆ. “ಆರಿಸಿದ್ರೆ ಅದು ಕಲ್ಲು ಕಣೇ. ಕಲ್ಲನ್ನ ಯಾರೂ ಓದಕ್ಕಾಗಲ್ಲ,” ಎಂದು ನೀನೇ ಹೇಳಿದ್ದೆ. ಅದಕ್ಕೇ ಆ ಹಿತೈಷಿಗಳಿಗೆ, ಉಕ್ಕಿನ ಬಾಗಿಲಿನವರಿಗೆ, ಅದು ಮಿಟುಕಿಸಬಾರದು. ಅದಕ್ಕೇ ಬಾಗಿಲು ಒಡೆದು ಯಂತ್ರ ಹೊತ್ತೊಯ್ಯಲಿಲ್ಲ. ಉರಿಯುವ ಒಲೆಯನ್ನು ನನ್ನ ಕೈಯಿಂದಲೇ ಅವರ ಅಂಗಳಕ್ಕೆ ತರಿಸಿಕೊಂಡರು. ನಾಳೆ ನಕಲಾದರೆ, ಮಕ್ಕಳ ಮೈಮೇಲಿನ ಹುಣ್ಣುಗಳನ್ನು ಬರೆದು ಕಳಿಸಿದ ದಾದಿಯ ಹೆಸರು, ರಾಡಿ ಸುರಿಯುವ ಜಾಗದ ನಕ್ಷೆ ಬಿಡಿಸಿದ ಟ್ರಕ್ ಚಾಲಕನ ಹೆಸರು, ಅವರ ಹಳ್ಳಿ, ಅವರ ಫೋನು, ಎಲ್ಲವೂ ಆ ಕೆಂಪು ಸ್ವೆಟರಿನವನ ಕೈಗೆ. ಆರಿಸಿದರೆ, ಶರತ್ಕಾಲದಿಂದ ಈಚೆಗೆ ಬಂದ ಸಾಕ್ಷಿಗಳೆಲ್ಲ ಕಲ್ಲಿನೊಳಗೆ ಹೋಗುತ್ತವೆ. ಅವುಗಳ ಬೇರೆ ಪ್ರತಿ ನಿನ್ನ ಹತ್ತಿರವೂ ಇಲ್ಲ. ಮುಂದಿನ ತಿಂಗಳ ವಿಚಾರಣೆಯಲ್ಲಿ ಹಳ್ಳಿಯವರು ಬರಿಗೈಯಲ್ಲಿ ನಿಲ್ಲುತ್ತಾರೆ.

ಪುಸ್ತಿಕೆಗಳಲ್ಲಿ ಇದಕ್ಕೆ ಉತ್ತರ ಹುಡುಕಿದೆ. ಸತ್ಯ ಬೆಂಕಿಯಂತೆ, ಅದನ್ನು ಆರಲು ಬಿಡಕೂಡದು ಎಂದು ಅವು ಹೇಳುತ್ತವೆ. ಅವುಗಳನ್ನು ಬರೆದವರು ಬಾಡಿಗೆಯ ಒಲೆಯಲ್ಲಿ ಬೆಂಕಿ ಹಚ್ಚಿದವರಲ್ಲ. ಬೇರೆಯವರ ಕಬ್ಬಿಣದೊಳಗೆ ಇಟ್ಟ ಮಾತು ಎಂದೂ ಪೂರ್ತಿ ನಮ್ಮದಲ್ಲ, ಇದನ್ನು ನಾನೇ ಒಂದು ಪುಸ್ತಿಕೆಯಾಗಿ ಬರೆಯಬೇಕು. ಹೇಳಿದವರು ಬದುಕಿದ್ದರೆ ಮತ್ತೆ ಹೇಳುತ್ತಾರೆ, ಅಣ್ಣ. ಇದಿಷ್ಟೇ ನನಗೆ ಖಚಿತವಾಗಿ ಗೊತ್ತಿರುವುದು.

ಇನ್ನೊಂದು ಸುದ್ದಿ. ನಿನ್ನೆ ಮನೆಗೆ ಬಂದಾಗ ಮೇಜಿನ ಮೇಲೆ ಅಮ್ಮನ ತಟ್ಟೆ ಇತ್ತು. ಆ ಕೆಂಪು ಸ್ವೆಟರಿನವನು ಆಫೀಸಿಗಲ್ಲ, ಮನೆಗೇ ತಂದುಕೊಟ್ಟಿದ್ದಾನೆ. ಖಾಲಿ ಮರಳಿಸಬಾರದೆಂದು ಒಣ ಜರ್ದಾಲು, ವಾಲ್‌ನಟ್ಟು, ಹಲ್ವಾ ತುಂಬಿ. ಅಜ್ಜಿಗೆ ಆನಂದವೋ ಆನಂದ. “ಎಂಥಾ ಸಂಸ್ಕಾರ. ಬೂಟು ಬಿಚ್ಚಿಟ್ಟು ಒಳಗೆ ಬಂದ. ಮೂರು ಬಟ್ಟಲು ಚಹಾ ಕುಡ್ದ. ಬಾಗಿಲ ಹತ್ರ ಕೂರ್ತೀನಿ ಅಂದ, ನಾನೇ ಎಳ್ದು ಮೇಲಿನ ಜಾಗದಲ್ಲಿ ಕೂರಿಸ್ದೆ.” ಮೇಲಿನ ಜಾಗ ಎಂದರೆ ನೀನು ಬಂದಾಗ ಕೂರುವ ಜಾಗ. ಗೋಡೆಯ ಮೇಲಿನ ನಿನ್ನ ಫೋಟೋ ನೋಡಿ, “ನೌರೂಜ್ ಹಬ್ಬಕ್ಕೆ ಮೊಮ್ಮಗ ಬರ್ತಾನಲ್ವಾ? ಸುಮೊಲೊಕ್ ಪಾಯಸ ಕದಡಕ್ಕೆ ನಾವೂ ಬರ್ತೀವಿ,” ಎಂದನಂತೆ. ಅಜ್ಜಿ ಯಾವ ದಿನ, ಯಾವ ದಾರಿ, ಅಲ್ಮಾಟಿಯಲ್ಲಿ ಇಳಿದು ಬಸ್ಸು ಹಿಡಿಯುವುದು, ಎಲ್ಲವನ್ನೂ ಹೇಳಿದ್ದಾಳೆ. ಬುಲಾಕ್ ಯಾರದ್ದೆಂದು ಅವನಿಗೆ ಗೊತ್ತಾಗಿದೆ, ಅಣ್ಣ. ಅವಳನ್ನು ಬೈಯಲಾರೆ. ಮನೆಗೆ ಬಂದವರಿಗೆ ಮುಚ್ಚಿಡುವುದನ್ನು ಅವಳಿಗೆ ಯಾರೂ ಕಲಿಸಿಲ್ಲ. ಆ ಜರ್ದಾಲನ್ನು ಅವಳು ಸಂತೋಷದಿಂದ ತಿನ್ನುತ್ತಿದ್ದಳು. ನನಗೂ ಒಂದು ಕೊಟ್ಟಳು. ಬಾಯಲ್ಲಿಟ್ಟುಕೊಂಡು, ಅವಳು ಆಚೆ ತಿರುಗಿದಾಗ ಕೈಗೆ ಉಗುಳಿದೆ.

ಅಜ್ಜಿ ನಿನ್ನ ಹಣೆಗೆ ಮುತ್ತು ಕಳಿಸಿದ್ದಾಳೆ, ದಾರಿ ನಿನಗೆ ಬೆಳ್ಳಗಿರಲಿ ಎಂದಿದ್ದಾಳೆ. ನಿನ್ನ ಜೊತೆ ಹೊಲಿಯುವ ಎಲ್ಲರಿಗೂ ನನ್ನ ವಂದನೆ.

ನಿನ್ನ ತಂಗಿ,
ಸಾಯ್ಕಾಲ್

ಮರೆತ ಮಾತು: ಸೋಮವಾರ ಬೆಳಿಗ್ಗೆ, ಗುಲ್ಸೂನ್ ಎಜೆಯ ಟ್ಯಾಕ್ಸಿ ಕೆಳಗೆ ಹಾರ್ನ್ ಹೊಡೆಯುತ್ತಿದೆ. ನಾನು ಈಗಷ್ಟೇ ಅಲ್ಲಿಂದ ಬಂದೆ. ಆರಿಸಿದ್ದೇನೆ. ಬುಲಾಕ್ ಈಗ ಕಲ್ಲು. ಇಲ್ಲಿಯವರೆಗೆ ಯಾರೂ ನಕಲು ಮಾಡಿಲ್ಲ, ದಾಖಲೆಗಳನ್ನು ನೋಡಿಯೇ ಆರಿಸಿದೆ. ಹೊರಬರುವಾಗ ಉಕ್ಕಿನ ಬಾಗಿಲು ಅರ್ಧ ತೆರೆದಿತ್ತು, ಅವನು ನನ್ನನ್ನು ನೋಡಿ ತಲೆಯಾಡಿಸಿದ. ಮಧ್ಯಾಹ್ನದ ಹೊತ್ತಿಗೆ ಅವರಿಗೆ ಗೊತ್ತಾಗುತ್ತದೆ. ನೌರೂಜ್‌ಗೆ ಬರಬೇಡ, ಯಾವ ನೌರೂಜ್‌ಗೂ ಬರಬೇಡ, ನಾನು ಬೇರೆ ದಾರಿಯಲ್ಲಿ ಹೇಳಿ ಕಳಿಸುವ ತನಕ. ಇನ್ನು ಅವರಿಗೆ ಬೇಕಾಗಿರುವುದು ಒಂದೇ, ಆ ಯಂತ್ರವನ್ನು ಎಬ್ಬಿಸಿ ನೀನು ಬೀಗದ ಮಾತು ಒತ್ತುವುದು. ಅದಕ್ಕಾಗಿ ನಿನಗೆ ಸಂದೇಶ ಬರುತ್ತದೆ, ನನ್ನ ಹೆಸರಿನಲ್ಲಿ, ಬಹುಶಃ ನನ್ನದೇ ದನಿಯಲ್ಲಿ. ನಾನು ಅಳುತ್ತಿರಲೂಬಹುದು. ಒತ್ತಬೇಡ. ಕೇಳುತ್ತಿರುವವಳು ನಾನೇ ಹೌದೋ ಅಲ್ಲವೋ ಎಂದು ತಲೆ ಕೆಡಿಸಿಕೊಳ್ಳಬೇಡ. ನಾನು ನಾನಾಗಿಯೇ ಉಳಿದಿದ್ದರೆ ಅದನ್ನು ಕೇಳುವುದಿಲ್ಲ.