ಹಾಡಿಲ್ಲದ ಕುಬಸ

ಸಿಂದಗಿ, ೯ ಫೆಬ್ರುವರಿ ೧೯೭೮, ಗುರುವಾರ

ನಿನ್ನೆ ಹತ್ತಿ ಗಿರಣಿಯ ಮ್ಯಾನೇಜರ್, ಬಳೆಗಾರ ಬಾಬುಲಾಲನನ್ನು ಕರೆದು ಚಹಾ ಕುಡಿಸಿದಾಗಲೇ ಸಂಶಯ ಬಂದಿತ್ತು. ಇಂದು ಬಾಬುಲಾಲನೇ ಹೇಳಿದ: “ಗಿರಣ್ಯಾಗಿನ ಹೆಣ್ಣಾಳುಗಳೊಳಗ ಯಾರಿಗೆ ಕುಬಸದ ಹಸರ ಬಳಿ ಇಟ್ಟಿ ಅಂತ ಕೇಳ್ತಾನ್ರಿ ಕಾಕಾ! ಚಹಾ ಅಲ್ಲೇ ಬಿಟ್ಟ ಎದ್ದ ಬಂದೆ.”

ಸೀಮಂತದ ಬಳೆಯಿಂದ ಬಸುರಿಯರನ್ನು ಪತ್ತೆ ಹಚ್ಚುವ ಹಂಚಿಕೆ ಅವನದು. ಬಸುರಿಗೆ ಸಂಬಳದ ರಜೆ ಕೊಡಬೇಕೆಂದು ಕಾನೂನಿದೆ. ಅವಳು ಕೇಳುವ ಮೊದಲೇ ಕೆಲಸದಿಂದ ತೆಗೆದರೆ ರಜೆಯ ಮಾತೇ ಇಲ್ಲ. ಹಿಂದೆ ರುಕ್ಮವ್ವನನ್ನು ಹಾಗೆಯೇ ತೆಗೆದರು, ನಾನು ಮರೆತಿಲ್ಲ.

ಪಕ್ಕದ ಮನೆಯ ಶಂಕ್ರೆವ್ವನೂ ಅದೇ ಗಿರಣಿಯವಳು, ಈಗ ಐದು ತಿಂಗಳ ಬಸುರಿ. ಅವಳ ತಾಯಿಗೆ ಕಾನೂನು ಓದಿ ಹೇಳಿದೆ.

“ಕಾನೂನ ನಿಮ್ಮ ಪುಸ್ತಕದಾಗ ಇರ್ಲಿ ಬಿಡ್ರಿ ಅಣ್ಣಾರ. ನಾಳಿ ಕುಬಸಾ ಬಾಗಲಾ ಹಾಕ್ಕೊಂಡ, ಹಾಡಿಲ್ದ ಮಾಡ್ತೇವಿ,” ಎಂದಳು.

ನಮ್ಮ ಓಣಿಯಲ್ಲಿ ಹಗಲು ಯಾರೂ ಬಾಗಿಲು ಮುಚ್ಚುವುದಿಲ್ಲ. ಮುಚ್ಚಿದ ಆ ಒಂದು ಬಾಗಿಲೇ ಮ್ಯಾನೇಜರನಿಗೆ ಸುಳಿವು ಕೊಟ್ಟರೆ…