ನೂರು ದಾಟದ ಜ್ವರ

ನೆರಳೂರು, ಕಲಬುರಗಿ ಸೀಮೆ
ಎರಡನೇ ಬೇಸಿಗೆಯ ಹುಣ್ಣಿಮೆ, 2231

ಮುತ್ತಜ್ಜಿಯ ಮುತ್ತಜ್ಜಿಯಾದ ಕಾಶಮ್ಮನವರಿಗೆ, ನಿಮ್ಮ ಮನೆತನದ ಸೊಸೆ ಇಂದುಮತಿಯ ಶರಣಾರ್ಥಿ.

ನನ್ನ ಕೆಲವು ಮಾತು ನಿಮಗೆ ವಿಚಿತ್ರವೆನಿಸಬಹುದು, ಮನ್ನಿಸಬೇಕು. ನಮಗೀಗ ವರ್ಷಕ್ಕೆ ಎರಡು ಬೇಸಿಗೆ. ಊರ ಮೇಲೆಲ್ಲ ದಪ್ಪ ಬಟ್ಟೆ ಕಟ್ಟಿಕೊಂಡು ಅದರಡಿ ಬದುಕುತ್ತೇವೆ. ಅದಕ್ಕೇ ಇದು ನೆರಳೂರು. ಪ್ರತಿ ಮನೆಯ ಬಾಗಿಲ ಬಳಿ ಕಾವುಗನ್ನಡಿ ಇರುತ್ತದೆ. ಮುಖ ನೋಡಿಕೊಂಡರೆ ಸಾಕು, ಮೈ ಎಷ್ಟು ಬಿಸಿಯಿದೆಯೆಂದು ಅಂಕಿ ತೋರಿಸುತ್ತದೆ. ಆ ಅಂಕಿ ಯಾವ ಅಳತೆಯದೆಂದು ಅದೂ ಹೇಳುವುದಿಲ್ಲ, ನಾವೂ ಕೇಳಿದವರಲ್ಲ.

ನಿಮ್ಮ ಮಾತೊಂದು ಈ ಮನೆಯಲ್ಲಿ ಇನ್ನೂ ನಡೆಯುತ್ತದೆ: ಜ್ವರ ನೂರು ದಾಟಿದರೆ ಮಾತ್ರ ವೈದ್ಯರನ್ನು ಕರೆಯಬೇಕು. ಮೊಸರಿನ ಹೆಪ್ಪಿನ ಹಾಗೆ ಅತ್ತೆಯಿಂದ ಸೊಸೆಗೆ ಬಂದ ಮಾತು.

ಹೋದ ವಾರ ನನ್ನ ಮಗಳು ನೀಲಾಳ ಮೈ ಕಾದ ಹಂಚಾಯಿತು. ಕನ್ನಡಿ ಮೂವತ್ತೊಂಬತ್ತು ಎಂದಿತು. ಅಂಗಳದ ಬಿಸಿಲೇ ನಲವತ್ತೇಳು ಇರುವಾಗ ಮೂವತ್ತೊಂಬತ್ತು ಯಾವ ಲೆಕ್ಕ? ಅತ್ತೆ ಗೌರಮ್ಮನವರು, ನೂರಕ್ಕೆ ಇನ್ನೂ ಬಹಳ ದೂರವಿದೆ ಎಂದು ನನಗೇ ಧೈರ್ಯ ಹೇಳಿದರು. ಮರುದಿನ ನಲವತ್ತಾಯಿತು. ಮಗು ಕಣ್ಣು ಮೇಲೆ ಮಾಡಿ ನಡುಗತೊಡಗಿದಾಗ ನನ್ನಿಂದ ತಡೆಯಲಾಗಲಿಲ್ಲ. ಹಿರಿಯರ ಮಾತು ಮೀರಿ ವೈದ್ಯೆ ಮೆಹರುನ್ನಿಸಾರನ್ನು ಕರೆತಂದೆ.

ಅವರು ಮೊದಲು ಮಗುವಿಗೆ ಔಷಧಿ ಕುಡಿಸಿ, ಒದ್ದೆ ಬಟ್ಟೆಯಲ್ಲಿ ಮೈ ಒರೆಸಿ, ಆಮೇಲೆ ನಮಗೆ ಬೈದರು. ನಿಮ್ಮ ಕಾಲದಲ್ಲಿ ಜ್ವರವನ್ನು ಫ್ಯಾರನ್‌ಹೀಟಿನಲ್ಲಿ ಅಳೆಯುತ್ತಿದ್ದರಂತೆ, ಕನ್ನಡಿಯದು ಸೆಲ್ಸಿಯಸ್. ನಿಮ್ಮ ಅಂಕಿಯಲ್ಲಿ ಮೂವತ್ತೆರಡು ಕಳೆದು, ಉಳಿದದ್ದನ್ನು ಒಂದು ಪಾಯಿಂಟ್ ಎಂಟರಿಂದ ಭಾಗಿಸಿದರೆ ನಮ್ಮದು ಸಿಗುತ್ತದೆ. ನಿಮ್ಮ ನೂರೆಂದರೆ ನಮ್ಮ ಮೂವತ್ತೆಂಟಕ್ಕೂ ತುಸು ಕಡಿಮೆ. ನೀಲಾಳ ನಲವತ್ತು ನಿಮ್ಮ ನೂರಾ ನಾಲ್ಕು. ನಮ್ಮ ನೂರಕ್ಕೆ ನೀರು ಕುದಿಯುತ್ತದೆ. ಅದು ನಮಗೂ ಗೊತ್ತಿತ್ತು. ಒಲೆಯ ನೂರು ಬೇರೆ, ಮೈಯ ನೂರು ಬೇರೆ ಎಂದುಕೊಂಡಿದ್ದೆವು. ನಮ್ಮ ಬುದ್ಧಿಗೆ ಏನನ್ನೋಣ.

ನೀಲಾ ಈಗ ಗಂಜಿ ಬೇಡವೆಂದು ಹಟ ಮಾಡುವಷ್ಟು ಚೇತರಿಸಿಕೊಂಡಿದ್ದಾಳೆ. ಅತ್ತೆ ಮಾತ್ರ ಅಂದಿನಿಂದ ಕನ್ನಡಿಯ ಮುಂದೆ ಹೋಗುವುದಿಲ್ಲ. ಅವರ ಚೊಚ್ಚಲ ಮಗ, ನಮ್ಮ ಯಜಮಾನರ ಅಣ್ಣ ಬಸಣ್ಣ, ತೊಟ್ಟಿಲ ವಯಸ್ಸಿನಲ್ಲೇ ತೀರಿಕೊಂಡಿದ್ದ. ನಿನ್ನೆ ಅಕ್ಕಿ ಆರಿಸುತ್ತ ಮೆಲ್ಲಗೆ ಅಂದರು:

“ನಮ್ಮ ಬಸಣ್ಣಂದು ನಲವತ್ತೊಂದು ಇತ್ತವಾ. ನಾ ನೂರು ಆಗಲಿ ಅಂತ ಕಾಯಕೋತ ಕುಂತಿದ್ದೆ.”

ನಿಮ್ಮನ್ನು ದೂರುತ್ತಿಲ್ಲ ಅಜ್ಜಿ, ನೀವು ಹೇಳಿದ್ದು ಸರಿಯೇ ಇತ್ತು. ಒಂದೇ ಬೇಡಿಕೆ. ಆ ಮಾತನ್ನು ನಿಮ್ಮ ಸೊಸೆಗೆ ಹೇಳುವಾಗ ನೂರರ ಪಕ್ಕ ಫ್ಯಾರನ್‌ಹೀಟ್ ಎಂಬುದನ್ನೂ ಸೇರಿಸಿ. ಆಕೆ ನಕ್ಕರೂ ಸರಿ, ಬಾಯಿಪಾಠ ಮಾಡಿಸಿ. ಆಗ ನಮ್ಮ ಮನೆಯಲ್ಲಿ ಬಸಣ್ಣ ಇರುತ್ತಾನೆ.