ಗೇಟಿನವರೆಗೆ ಸುರಕ್ಷಿತ

ಜೆಪ್ಪು, ಮಂಗಳೂರು
೧೬ ಅಕ್ಟೋಬರ್ ೨೦೨೪, ಬುಧವಾರ

ಪ್ರೀತಿಯ ವಿನಿತಾಳಿಗೆ, ಜೆಪ್ಪುವಿನಿಂದ ನಿನ್ನ ಗಂಡ ಪ್ರೇಮ್ ಮಾಡುವ ನಮಸ್ಕಾರಗಳು.

ಗಾಬರಿಯಾಗಬೇಡ. ಹೀಗೆ ಶುರುವಾದ ಪತ್ರ ಓದಿ ಗಾಬರಿಯಾಗದವರು ಯಾರೂ ಇಲ್ಲ ಎಂದು ನನಗೂ ಗೊತ್ತು, ಆದರೂ ಮರ್ಯಾದೆಗೆ ಒಂದು ಸಲ ಹೇಳಬೇಕಲ್ಲ.

ಕೊಂಕಣಿ ಬಿಟ್ಟು ಕನ್ನಡದಲ್ಲಿ ಯಾಕೆ ಬರೆಯುತ್ತಿದ್ದಾನೆ ಎಂದು ನೀನು ಕೇಳುತ್ತೀ. ನಾವು ಪ್ರೀತಿ ಮಾಡಿದ್ದೂ ಜಗಳ ಆಡಿದ್ದೂ ಕೊಂಕಣಿಯಲ್ಲಿ. ಅದರಲ್ಲಿ ಬರೆಯಲು ಕೂತರೆ ಎರಡನೇ ಸಾಲಿಗೇ ನಿನ್ನ ಉತ್ತರ ಕಿವಿಯಲ್ಲಿ ಕೇಳಿಸುತ್ತದೆ. ಕನ್ನಡದಲ್ಲಾದರೆ ಏಳನೇ ಕ್ಲಾಸಿನಲ್ಲಿ ಹೆಡ್‌ಮಾಸ್ಟರಿಗೆ ರಜಾ ಅರ್ಜಿ ಬರೆದ ಧೈರ್ಯ ಬರುತ್ತದೆ. ಆ ಅರ್ಜಿಯಲ್ಲಿ ಜ್ವರ ಎಂದು ಬರೆದಿದ್ದೆ. ಜ್ವರ ಇರಲಿಲ್ಲ. ಇದರಲ್ಲಿಯೂ ಅಂಥದ್ದು ಒಂದೆರಡು ನುಸುಳಬಹುದು, ಜಾಗ್ರತೆಯಿಂದ ಓದು. ಅಕ್ಷರ ಕೋಳಿ ಕೆದರಿದ ಹಾಗೆ ಉಂಟು. ಪೆನ್ನು ಸರಿ ಇಲ್ಲ.

ಫೋನು ಇರುವಾಗ ಪತ್ರ ಯಾಕೆ ಎಂಬುದು ನಿನ್ನ ಎರಡನೇ ಪ್ರಶ್ನೆ. ಅದಕ್ಕೆ ರಿಝ್ವಾನಾ ಕಾರಣ. ತಮೀಮನ ತಂಗಿ, ನಿನ್ನದೇ ವಾರ್ಡಿನ ನರ್ಸ್, ರಜೆ ಮುಗಿಸಿ ಶುಕ್ರವಾರ ಕುವೈತಿಗೆ ಹಾರುತ್ತಾಳೆ. ಪಾರ್ಸೆಲ್ ಏನಾದರೂ ಉಂಟಾ ಎಂದು ಕೇಳಲು ಮೊನ್ನೆ ಮನೆಗೆ ಬಂದಳು. ಬಾಗಿಲು ತೆಗೆದೆ. ಅವಳು ನನ್ನ ಮುಖ ನೋಡಲಿಲ್ಲ, ಕೆಳಗೆ ನೋಡಿದಳು.

“ಎಂತ ಪ್ರೇಮಣ್ಣ ಇದು?”

“ಸಣ್ಣ ಉಳುಕು, ಮಾರಾಯ್ತಿ.”

“ವಿನಿತಕ್ಕನಿಗೆ ಗೊತ್ತುಂಟಾ?”

“ಸಣ್ಣದಕ್ಕೆಲ್ಲ ಅವಳಿಗೆ ಯಾಕೆ ತೊಂದರೆ?”

ಅವಳು ಚಪ್ಪಲಿ ಕೂಡ ಬಿಚ್ಚಲಿಲ್ಲ. “ನೋಡಿ, ನಾನಾಗಿ ಹೇಳುವುದಿಲ್ಲ. ಆದರೆ ಅಕ್ಕ ಕೇಳಿದರೆ ಸುಳ್ಳು ಹೇಳ್ಲಿಕ್ಕೆ ನನ್ನಿಂದ ಆಗುದಿಲ್ಲ. ಅವರು ಏರ್‌ಪೋರ್ಟಿನಿಂದಲೇ ಕೇಳ್ತಾರೆ. ನೀವೇ ಬರೆದು ಕೊಡಿ, ನಾನು ಕೈಯಲ್ಲಿ ಕೊಡ್ತೇನೆ” ಎಂದಳು. ಹಾಗಾಗಿ ಈ ಪತ್ರ ನಾನಾಗಿ ಬರೆದದ್ದು ಎಂದು ಹೇಳಿಕೊಳ್ಳುವ ಹಾಗಿಲ್ಲ. ಇದರೊಟ್ಟಿಗೆ ಪಕ್ಕದ ಮನೆಯ ಮಟಿಲ್ಡಾ ಬಾಯಿ ಹಾಕಿದ ಬಿಂಬುಳಿ ಉಪ್ಪಿನಕಾಯಿ ಮತ್ತು ಬಂದರಿನ ಒಣ ಸಿಗಡಿ ಉಂಟು. ಸಿಗಡಿಯ ಪೊಟ್ಟಣವನ್ನು ನೀನೊಬ್ಬಳೇ ಇರುವಾಗ ಬಿಚ್ಚು.

ಈಗ ವಿಷಯಕ್ಕೆ ಬರುತ್ತೇನೆ. ಬರುವ ಮೊದಲು ಸ್ವಲ್ಪ ಸುತ್ತುತ್ತೇನೆ.

ಜೂನ್ ತಿಂಗಳಲ್ಲಿ ಬಜಪೆ ಏರ್‌ಪೋರ್ಟಿನಲ್ಲಿ, ಟ್ರಾಲಿಯ ಮೇಲೆ ಎರಡು ಕೈ ಇಟ್ಟು ನೀನು ಹೇಳಿದ್ದು ನನಗೆ ಬಾಯಿಪಾಠ. “ಕಾಲರ್ ಮೂಳೆಗೆ ನಾನು ರಜೆ ಹಾಕಿ ಬಂದೆ. ಪಕ್ಕೆಲುಬಿಗೆ ಸಂಬಳ ಇಲ್ಲದ ರಜೆ ಹಾಕಿ ಬಂದೆ. ಇನ್ನೊಂದು ಮುರಿದರೆ ನರ್ಸ್ ಆಗಿ ಫೋನ್ ಮಾಡ್ತೇನೆ ಪ್ರೇಮ್, ಹೆಂಡತಿಯಾಗಿ ಮಾಡುದಿಲ್ಲ.” ನೀನು ಕೇಳಿದ್ದು ಹೆಚ್ಚೇನಲ್ಲ. ಕುವೈತಿನ ಬಂದರಿನಲ್ಲಿ ಕ್ರೇನ್ ಕೆಲಸಕ್ಕೆ ನನ್ನ ಹೆಸರು ಬಂದಿತ್ತು. ಅಕ್ಟೋಬರಿನಲ್ಲಿ ಮೆಡಿಕಲ್. ಅಲ್ಲಿಯವರೆಗೆ ಗುಡ್ಡೆಗೆ ಸೈಕಲ್ ತೆಗೆದುಕೊಂಡು ಹೋಗಿ ಕಲ್ಲಿನ ಮೇಲೆ ಹಾರಿಸಬಾರದು, ಅಷ್ಟೆ. ಮದುವೆಯಾದಂದಿನಿಂದ ನಾವು ನಿನ್ನ ರಜೆಗಳಲ್ಲಿ ಮಾತ್ರ ಗಂಡಹೆಂಡತಿ. ಈ ಮೆಡಿಕಲ್ ಒಂದು ದಾಟಿದರೆ ವರ್ಷವಿಡೀ ಆಗಬಹುದಿತ್ತು. ನೀನು ಅಲ್ಲಿ ಇಬ್ಬರಿಗೆಂದು ಮನೆಯನ್ನೂ ಹಿಡಿದೆ. ನಿನಗೆ ನೈಟ್ ಡ್ಯೂಟಿ ಇದ್ದರೆ ನಾನು ಹೊರಗೆ ಕಾಯಬಾರದೆಂದು, ಇನ್ನೊಂದು ಕೀ ಮಾಡಿಸಿ, ರಿಝ್ವಾನಾ ರಜೆಯಲ್ಲಿ ಬರುವಾಗ ಅವಳ ಕೈಯಲ್ಲಿ ಕಳಿಸಿದೆ.

ಪ್ರಮಾಣ ಮಾಡಿದ ಮನುಷ್ಯ ಹೇಗಿರಬೇಕೋ ಹಾಗೆಯೇ ನಾನು ಜುಲೈ ತಿಂಗಳು ಪೂರ್ತಿ ಇದ್ದೆ. ಸೈಕಲನ್ನು ಒರೆಸಿದೆ. ಚೈನಿಗೆ ಎಣ್ಣೆ ಬಿಟ್ಟೆ. ಒರೆಸಿದ್ದನ್ನು ಮತ್ತೆ ಒರೆಸಿದೆ. ಆಗಸ್ಟಿನಲ್ಲಿ ಮಳೆ ನಾಲ್ಕು ದಿನ ಬಿಡುವು ಕೊಟ್ಟಿತು. ಗುಡ್ಡೆಯ ಕಡೆಯಿಂದ ಬಿಸಿಲಿಗೆ ಆರುವ ಮುರಕಲ್ಲಿನ ವಾಸನೆ ಜೆಪ್ಪುವರೆಗೆ ಬಂತು. ಅದು ಅಷ್ಟು ದೂರ ಬರುವುದಿಲ್ಲ ಎಂದು ನೀನು ವಾದಿಸಬಹುದು. ನನಗೆ ಬಂತು.

ಆಗ ನಾನು ವೈಜ್ಞಾನಿಕವಾಗಿ ಯೋಚಿಸಿದೆ. ಸೈಕಲ್ ತುಳಿಯುವುದನ್ನು ನಿಲ್ಲಿಸಿದರೆ ರಿಸ್ಕ್ ಕಡಿಮೆಯೇ? ಅಲ್ಲ. ನಿಲ್ಲಿಸಿದವನ ಕೈಕಾಲು ಮರೆಗುಳಿಯಾಗುತ್ತದೆ. ಮೆಡಿಕಲ್ ಮುಗಿಸಿ, ಕುವೈತಿಗೆ ಹೊರಡುವ ಮೊದಲು ಕೊನೆಯ ಸಲ ಹೋಗುತ್ತೇನಲ್ಲ (ಹೋಗದೆ ಇರುತ್ತೇನೆಯೇ?), ಆಗ ಖಂಡಿತ ಬೀಳುತ್ತೇನೆ. ಆದ್ದರಿಂದ ಬೀಳದಿರಲು ಈಗ ಹೋಗಬೇಕು. ಪಣಂಬೂರಿನ ಬಂದರಿನಲ್ಲಿ ಇಷ್ಟು ವರ್ಷ ಕ್ರೇನ್ ಓಡಿಸಿ ಒಂದು ಕಂಟೈನರನ್ನೂ ಕುಕ್ಕದವನಿಗೆ ಇಷ್ಟು ತರ್ಕ ಬಾರದೆ ಇರುತ್ತದೆಯೇ!

ಹೋದೆ, ವಿನಿತಾ. ತಮೀಮ್ ಜೊತೆಗಿದ್ದ. ನಾವು ಹೇಗೆ ಹೋದೆವು ಎಂಬುದನ್ನು ನೀನು ಕೇಳಲೇಬೇಕು, ಯಾಕೆಂದರೆ ಮಂಗಳೂರಿನ ಚರಿತ್ರೆಯಲ್ಲಿ ಇಷ್ಟು ಸುರಕ್ಷಿತವಾಗಿ ಯಾರೂ ಗುಡ್ಡೆ ಇಳಿದಿರಲಿಕ್ಕಿಲ್ಲ. ಶಿಫ್ಟ್ ಶುರುವಾಗುವ ಮೊದಲು ನಮ್ಮಲ್ಲಿ ಎಲ್ಲರನ್ನೂ ನಿಲ್ಲಿಸಿ ಸೇಫ್ಟಿ ಭಾಷಣ ಮಾಡುತ್ತಾರಲ್ಲ, ಅದನ್ನು ನಾನು ಸೈಕಲಿನ ಎದುರು ನಿಂತು ಮಾಡಿದೆ. ಹೆಲ್ಮೆಟ್ ಉಂಟಾ, ಉಂಟು. ಮೊಣಕೈ, ಮೊಣಕಾಲು ಕವಚ ಉಂಟಾ, ಉಂಟು. ಯಾರಿಗಾದರೂ ಸಂಶಯ? ಯಾರಿಗೂ ಇಲ್ಲ. ಬಿದ್ದರೆ ಕೈ ಊರಬಾರದು, ಕೈ ಮಡಚಿ ಉರುಳಬೇಕು ಎಂಬುದನ್ನು ಅದರ ಹಿಂದಿನ ಇಡೀ ವಾರ ನಮ್ಮ ಮಂಚದ ಹಾಸಿಗೆಯ ಮೇಲೆ ಅಭ್ಯಾಸ ಮಾಡಿದ್ದೆ. ನಿನ್ನ ಕಡೆಯ ಹಾಸಿಗೆ ತಗ್ಗಿದ್ದರೆ ಅದಕ್ಕೆ ಕಾರಣ ಅದು.

ಗುಡ್ಡೆಯಲ್ಲಿ ಮೊದಲು ದಾರಿಯನ್ನು ನಡೆದು ನೋಡಿದೆ. ಪಾಚಿ ಇದ್ದ ಕಲ್ಲುಗಳ ಮೇಲೆ ಸೊಪ್ಪು ಇಟ್ಟು ಗುರುತು ಮಾಡಿದೆ. ಹಳೆ ಕ್ವಾರಿಯ ಪಕ್ಕದಲ್ಲಿ ಆಳೆತ್ತರ ಹಾರಿ ಇಳಿಯುವ ಜಾಗ ಉಂಟಲ್ಲ, ನನ್ನ ಕಾಲರ್ ಮೂಳೆಯ ಜನ್ಮಸ್ಥಾನ, ಅಲ್ಲಿಗೆ ಬಂದು ಇಳಿದೆ. ಸೈಕಲನ್ನು ತಳ್ಳಿಕೊಂಡು, ಬಳಸು ದಾರಿಯಲ್ಲಿ ಕೆಳಗೆ ಹೋದೆ. ತಮೀಮ್ ಕೆಳಗೆ ನಿಂತು ಹೊಟ್ಟೆ ಹಿಡಿದು ನಗುತ್ತಿದ್ದ. “ಎಂತ ಪ್ರೇಮಣ್ಣ, ಸೈಕಲಿಗೆ ವಾಕಿಂಗ್ ಮಾಡಿಸ್ಲಿಕ್ಕೆ ಕರ್ಕೊಂಡು ಬಂದದ್ದಾ? ಡಾಕ್ಟರು ಹೇಳಿದ್ದಾ ಅದಕ್ಕೆ?” ನನಗೆ ನಾಚಿಕೆ ಆಗಲಿಲ್ಲ. ಹೆಮ್ಮೆಯಾಯಿತು. ಇದನ್ನು ವಿನಿತಾ ನೋಡಬೇಕಿತ್ತು ಎಂದುಕೊಂಡೆ, ನೀನು ನೋಡಬಾರದ ಕಡೆ ನಿಂತುಕೊಂಡು.

ಮೈಯ ಮೇಲೆ ಒಂದು ಗೀರೂ ಇಲ್ಲದೆ ಮನೆಗೆ ಬಂದೆ.

ಮನೆಗೆ ಎಂದರೆ, ಗೇಟಿನವರೆಗೆ.

ಪಕ್ಕೆಲುಬು ಮುರಿದ ಮೇಲೆ ನಾನು ಒಂದು ಜೊತೆ ಶೂ ತೆಗೆದುಕೊಂಡಿದ್ದೆ, ನೆನಪಿದೆಯೇ? ಅಡಿಯಲ್ಲಿ ಕೊಕ್ಕೆ ಇರುವುದು, ಪೆಡಲಿಗೆ ಟಕ್ ಎಂದು ಸಿಕ್ಕಿಕೊಳ್ಳುವುದು. ಕಲ್ಲಿನ ಮೇಲೆ ಕಾಲು ಜಾರಬಾರದೆಂದು, ಸುರಕ್ಷತೆಗೆಂದೇ. ನಿಲ್ಲಿಸುವ ಮೊದಲು ಹಿಮ್ಮಡಿ ತಿರುಚಿ ಕಾಲು ಬಿಡಿಸಬೇಕು. ನಾನು ಯಾವಾಗಲೂ ಎಡಗಾಲು ಬಿಡಿಸಿ ಎಡಕ್ಕೆ ಊರುವವನು. ಆ ದಿನವೂ ಗೇಟಿನ ಎದುರು ಪದ್ಧತಿ ಪ್ರಕಾರ ಎಡಗಾಲು ಬಿಡಿಸಿದೆ. ಸೈಕಲ್ ಬಲಕ್ಕೆ ವಾಲಿತು.

ಬಲಗಾಲು ಪೆಡಲಿನಲ್ಲಿ ಭದ್ರವಾಗಿತ್ತು. ಕಡಿದ ಮರದ ಹಾಗೆ ಬಿದ್ದೆ, ನಿಂತಲ್ಲಿಂದ. ವೇಗ ಸೊನ್ನೆ. ಉರುಳಲು ಸ್ವಲ್ಪವಾದರೂ ವೇಗ ಬೇಕಲ್ಲ? ಹಾಸಿಗೆಯ ಮೇಲೆ ವಾರವಿಡೀ ಪಾಠ ಕಲಿತ ಕೈ ಎಲ್ಲವನ್ನೂ ಮರೆತು ಮುಂದೆ ಚಾಚಿ ಕಾಂಕ್ರೀಟಿಗೆ ಊರಿತು. ಮಟಿಲ್ಡಾ ಬಾಯಿ ತಮ್ಮ ಜಗಲಿಯಲ್ಲಿ ಬಂಗುಡೆ ಶುಚಿ ಮಾಡುತ್ತಿದ್ದರು. “ಪ್ರೇಮ್, ಪುತಾ, ಮನೆಯೊಳಗೆ ಮಂಚ ಇಲ್ವಾ?” ಎಂದು ಕೇಳಿದರು. ನಾನೂ ನಕ್ಕೆ. ನಗುವಾಗ ನೋವೇನೂ ಇರಲಿಲ್ಲ.

ಪೆನ್ನಿನ ಮೇಲೆ ಹಾಕಿದ ಆಪಾದನೆಯನ್ನು ಇಲ್ಲಿ ಹಿಂದಕ್ಕೆ ತೆಗೆದುಕೊಳ್ಳುತ್ತೇನೆ. ಪೆನ್ನು ಒಳ್ಳೆಯದೇ. ಬರೆಯುತ್ತಿರುವುದು ಎಡಗೈ.

ಇನ್ನು ಮುಂದಿನದು ನಿನಗೆ ನನಗಿಂತ ಚೆನ್ನಾಗಿ ಗೊತ್ತು. ಹೆಬ್ಬೆರಳಿನ ಬುಡದಲ್ಲಿ, ಮಣಿಗಂಟಿನೊಳಗೆ, ಗೇರುಬೀಜದಷ್ಟು ದೊಡ್ಡದೊಂದು ಮೂಳೆ. ಮೊದಲ ಎಕ್ಸ್‌ರೇಯಲ್ಲಿ ಏನೂ ಕಾಣಲಿಲ್ಲ. ಡಾಕ್ಟರು ಒಂದು ಪಟ್ಟಿ ಕಟ್ಟಿ, “ಇದು ಕೆಲವೊಮ್ಮೆ ಅಡಗಿ ಕೂತುಕೊಳ್ತದೆ. ಎರಡು ವಾರ ಬಿಟ್ಟು ಬನ್ನಿ, ಮತ್ತೆ ತೆಗೆಯುವ. ಅಲ್ಲಿವರೆಗೆ ಪಟ್ಟಿ ಬಿಚ್ಚಬೇಡಿ” ಎಂದರು. ನಾನು ಆ ಮಾತಿನಲ್ಲಿ ‘ಏನೂ ಕಾಣುವುದಿಲ್ಲ’ ಎಂಬಷ್ಟನ್ನು ಮಾತ್ರ ಮನೆಗೆ ತಂದೆ. ಹಿಂದಿರುಗಿ ಹೋದರೆ ಪ್ಲಾಸ್ಟರ್ ಹಾಕುತ್ತಾರೆ. ಪ್ಲಾಸ್ಟರ್ ಹಾಕಿದರೆ ನೀನು ನೋಡುತ್ತೀ. ಹೋಗದಿದ್ದರೆ ಅದು ಉಳುಕು. ಪಟ್ಟಿ ಬಿಚ್ಚಿ ಜೇಬಿನಲ್ಲಿಟ್ಟು ಕ್ರೇನ್ ಹತ್ತಿದೆ. ಕಂಟೈನರ್ ಎತ್ತುವುದೂ ಇಳಿಸುವುದೂ ಬಲಗೈ ಎಂದು ನಿನಗೆ ಗೊತ್ತುಂಟು. ಎರಡು ತಿಂಗಳಿಂದ ನಮ್ಮ ಫೋನಿನ ಕ್ಯಾಮೆರಾ ಕೆಟ್ಟಿದೆ ಎಂದೆನಲ್ಲ, ಕೆಟ್ಟಿರಲಿಲ್ಲ. ಪಾಪ, ನೀನು ಅಷ್ಟು ದಿನ ಕಪ್ಪು ಪರದೆಯ ಜೊತೆ ಸಂಸಾರ ಮಾಡಿದೆ.

ಸೆಪ್ಟೆಂಬರ್ ಕೊನೆಗೆ ಒಂದು ಕಂಟೈನರನ್ನು ಕುಕ್ಕಿದೆ. ಯಾರಿಗೂ ಏನೂ ಆಗಲಿಲ್ಲ. ಕೆಳಗೆ ಆ ಹೊತ್ತಿಗೆ ಯಾರೂ ಇರಲಿಲ್ಲ ಎಂಬುದೊಂದೇ ಕಾರಣ, ನನ್ನ ಜಾಣತನ ಅಲ್ಲ. ಆ ಸದ್ದು ಕೇಳಿದ ಮೇಲೆ ಇಳಿದು ಬಂದು ಸೂಪರ್‌ವೈಸರಿಗೆ ಕೈ ತೋರಿಸಿದೆ. ಈಗ ಅವರು ನನ್ನನ್ನು ಗೇಟಿನಲ್ಲಿ ನಿಲ್ಲಿಸಿದ್ದಾರೆ. ಒಳಗೆ ಹೋಗುವವರ ಹೆಲ್ಮೆಟ್ ಪಟ್ಟಿ ಬಿಗಿ ಉಂಟಾ ಎಂದು ನೋಡುವ ಕೆಲಸ. ದೇವರಿಗೆ ಹಾಸ್ಯಪ್ರಜ್ಞೆ ಇಲ್ಲ ಎಂದು ಯಾರು ಹೇಳಿದರು?

ಮೆಡಿಕಲ್ ಏಳನೇ ತಾರೀಕಿಗೆ ಆಯಿತು. “ಇನ್ನೂ ಕರೆದಿಲ್ಲ” ಎಂದು ನಿನಗೆ ಹೇಳಿದ್ದೆ. ರಕ್ತ ಚೆನ್ನಾಗಿತ್ತು, ಕಣ್ಣು ಚೆನ್ನಾಗಿತ್ತು, ಎದೆ ಗೋಡೆಯ ಹಾಗೆ ಉಂಟು ಎಂದರು. ಕೊನೆಗೆ ಬಲಗೈಗೆ ಹಿಡಿತದ ಬಲ ಅಳೆಯುವ ಒಂದು ಹಿಡಿಕೆ ಕೊಟ್ಟು, ಶಕ್ತಿ ಹಾಕಿ ಒತ್ತಿ ಎಂದರು. ಒತ್ತಿದೆ. ಕಣ್ಣಿನಲ್ಲಿ ನೀರು ಬರುವವರೆಗೆ ಒತ್ತಿದೆ. ಡಾಕ್ಟರು ಅದರ ಅಲುಗದ ಮುಳ್ಳನ್ನು ನೋಡುತ್ತಾ, “ಶುರು ಮಾಡಿ” ಎಂದರು.

ಅನ್‌ಫಿಟ್.

ಮರುದಿನ ಮೂಳೆ ಡಾಕ್ಟರಲ್ಲಿಗೆ ಹೋದೆ. ಆ ಗೇರುಬೀಜ ಎರಡು ಹೋಳಾಗಿದೆಯಂತೆ, ಒಂದು ಹೋಳಿಗೆ ರಕ್ತ ಹೋಗುವುದು ನಿಂತು ಅದು ಸತ್ತಿದೆಯಂತೆ. ಸೊಂಟದಿಂದ ಸ್ವಲ್ಪ ಮೂಳೆ ತೆಗೆದು ಅಲ್ಲಿಗೆ ಕಟ್ಟುತ್ತಾರಂತೆ. ಕೂಡಿದರೆ ಕೂಡಿತು. ಕೂಡಿದರೂ ಕ್ರೇನ್ ಕೈ ಅಲ್ಲ ಅದು, ಚಹಾದ ಲೋಟ ಎತ್ತುವ ಕೈ. “ಎರಡು ವಾರಕ್ಕೆ ಬಂದಿದ್ದರೆ ಪ್ಲಾಸ್ಟರಿನಲ್ಲಿ ಮುಗೀತಿತ್ತು” ಎಂದರು, ಬೈಯುವ ದನಿಯಲ್ಲಿ ಅಲ್ಲ. ಬೈದಿದ್ದರೆ ಚೆನ್ನಾಗಿತ್ತು. ಈಗ ಪ್ಲಾಸ್ಟರ್ ಉಂಟು. ಬಂದವರಿಗೆ ತೋರಿಸಲು.

ನೀನು ಬರಬೇಡ. ರಜೆ ಹಾಕಬೇಡ. ಈ ಮೂಳೆಗೆ ರಜೆ ಹಾಕುವುದಿಲ್ಲ ಎಂದು ನೀನು ಮೊದಲೇ ಹೇಳಿದ್ದೀ, ಮಾತಿಗೆ ನಿಲ್ಲುವವರು ಮನೆಯಲ್ಲಿ ಒಬ್ಬರಾದರೂ ಬೇಕು. ಸೈಕಲನ್ನು ಬಿದ್ದ ದಿನವೇ ತಮೀಮನ ಬಂದರ್ ಗೋದಾಮಿಗೆ ಕಳಿಸಿದ್ದೇನೆ, ಅಕ್ಕಿ ಮೂಟೆಗಳ ಹಿಂದೆ ಅದು ಕತ್ತಲೆಯಲ್ಲಿ ಪಶ್ಚಾತ್ತಾಪ ಪಡುತ್ತಿದೆ. ಅದರ ಚಿಂತೆ ನಿನಗೆ ಬೇಡ.

ಫೋನ್ ಮಾಡಿದರೆ ಕ್ಯಾಮೆರಾ ಸರಿಯಾಗಿರುತ್ತದೆ. ನರ್ಸ್ ಆಗಿ ಮಾಡಿದರೂ ಸಾಕು.

ಇಂತು, ಗುಡ್ಡೆಯಲ್ಲಿ ಎಲ್ಲಿಯೂ ಬೀಳದ,
ನಿನ್ನ ಪ್ರೇಮ್

ತಾ.ಕ.: ಒಣ ಸಿಗಡಿಯ ಪೊಟ್ಟಣದೊಳಗೆ, ಪ್ಲಾಸ್ಟಿಕಿನಲ್ಲಿ ಸುತ್ತಿ, ನೀನು ಕಳಿಸಿದ ಮನೆಯ ಕೀ ಇಟ್ಟಿದ್ದೇನೆ. ವಾಸನೆ ಹಿಡಿದಿದ್ದರೆ ಲಿಂಬೆ ಹಾಕಿ ತೊಳೆ. ಆಪರೇಷನ್ ಆಗುವವರೆಗಾದರೂ ಇಟ್ಟುಕೊಳ್ಳಬಹುದಿತ್ತಲ್ಲ, ಬೇರೆ ಕೆಲಸಕ್ಕಾದರೂ ಬರಬಹುದಿತ್ತಲ್ಲ ಎಂದು ನೀನು ಕೇಳುತ್ತೀ. ಅದಕ್ಕೆ ಉತ್ತರ ಹೇಳಬೇಕಾದರೆ ಇನ್ನೊಂದನ್ನೂ ಹೇಳಬೇಕಾಗುತ್ತದೆ. ಸೈಕಲ್ ಗೋದಾಮಿನಲ್ಲಿ ಇಲ್ಲ. ಮಲಗುವ ಕೋಣೆಯಲ್ಲಿ, ನಿನ್ನ ಕಡೆಯ ಗೋಡೆಗೆ ಒರಗಿಕೊಂಡಿದೆ. ಭಾನುವಾರ ಇಗರ್ಜಿಯಿಂದ ಬಂದವನೇ ಎಡಗೈಯಲ್ಲಿ ಸ್ಪ್ಯಾನರ್ ಹಿಡಿದು ಆ ಕೊಕ್ಕೆಯ ಪೆಡಲ್‌ಗಳನ್ನು ಬಿಚ್ಚಿ, ಸಾದಾ ಚಪ್ಪಟೆ ಪೆಡಲ್ ಹಾಕಿದೆ. ಸಂಜೆಯವರೆಗೆ ಬೇಕಾಯಿತು. ಇನ್ನು ಶೂ ಸಿಕ್ಕಿಕೊಳ್ಳುವುದಿಲ್ಲ, ವಿನಿತಾ. ಆ ರಿಸ್ಕ್ ಪೂರ್ತಿ ಹೋಯಿತು.